ನಾಯಿಯ ಮಂಡಿ ಆಪರೇಷನ್ ಆದ ಮೇಲೆ ಚೀಟಿ ಬರೆಯುವುದು ಯಾರಿಗೆ?

ನಾಯಿಯ ಮಂಡಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಬಿಗಿದು ಹಿಡಿಯುವ ಪಟ್ಟಿ, ಹರಿದರೆ ಆಪರೇಷನ್ ಮಾಡುವ ಸರ್ಜನ್ ಇರುವುದು ಬೆಂಗಳೂರಿನಲ್ಲಿ. ದುಡ್ಡು ಕೊಡುವ ಯಜಮಾನರೂ ಎಷ್ಟೋ ಸಲ ಅಲ್ಲೇ ಇರುತ್ತಾರೆ. ನಾಯಿ ಮಾತ್ರ ಕೊಡಗಿನ ಸಿದ್ದಾಪುರದ ಕಡೆಯ ಯಾವುದೋ ತೋಟದಲ್ಲಿರುತ್ತದೆ. ಅದನ್ನು ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋಗುವವರು ಅಡುಗೆ ಅಕ್ಕ, ಇಲ್ಲ ವಾಚ್‌ಮನ್, ಇಲ್ಲ ತೋಟದ ಲೆಕ್ಕ ಬರೆಯುವ ರೈಟರಣ್ಣ. ಆಪರೇಷನ್ ಆದ ಮೇಲಿನ ಎರಡು ಮೂರು ತಿಂಗಳು ಆ ಕಾಲು ಇವರ ಕೈಯಲ್ಲೇ ಇರುತ್ತದೆ. ಅದಕ್ಕೇ ಪಶುವೈದ್ಯೆಯಾದ ನಾನು ಈಗ ಯಾವ ಕುಂಟುವ ನಾಯಿ ಬಂದರೂ ಹೆಸರು, ವಯಸ್ಸು ಬರೆದುಕೊಂಡ ಕೂಡಲೇ ಕೇಳುವುದು, ಮನೆಯಲ್ಲಿ ಇವನ ಚೈನ್ ಹಿಡಿಯುವವರು ಯಾರು ಅಂತ.

ಕರಿಯನ ವಿಷಯ ಹೇಳುತ್ತೇನೆ. ಲ್ಯಾಬ್ರಡಾರ್ ಕ್ರಾಸ್, ಒಂದೂವರೆ ವರ್ಷ, ತೂಕ ಇಪ್ಪತ್ತೆಂಟು ಕೆಜಿ ಹತ್ತಿರ. ಮಳೆ ಮುಗಿಯುವ ಹೊತ್ತಿಗೆ ಕಾಡುಹಂದಿ ಹಿಂದೆ ಓಡಿ, ಕಾಫಿ ಗಿಡಗಳ ನಡುವೆ ನೀರು ಇಂಗಲು ತೋಡುವ ತೊಟ್ಟಿಲು ಗುಂಡಿಗೆ ಕಾಲು ಹಾಕಿ ಬಿದ್ದಿದ್ದ. ನನ್ನ ಹತ್ತಿರ ತರುವಾಗ ಬಲಗಡೆ ಹಿಂಗಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಕೂರು ಅಂದರೆ ಕೂರುತ್ತಿದ್ದ, ಆದರೆ ಆ ಕಾಲನ್ನು ಮಡಚದೆ ಪಕ್ಕಕ್ಕೆ ಚಾಚಿಕೊಂಡು. ನೇರವಾಗಿ ಕೂರುತ್ತಿದ್ದ ನಾಯಿ ಹೀಗೆ ಕೂರತೊಡಗಿದರೆ ನನ್ನ ಕಣ್ಣು ಮೊದಲು ಹೋಗುವುದು ಮಂಡಿಯ ಕಡೆಗೆ.

ಆದರೂ ನಮ್ಮ ಊರಲ್ಲಿ ಕುಂಟುವ ನಾಯಿಗೆ ಮೊದಲು ರಕ್ತ ಪರೀಕ್ಷೆ ಮಾಡಲೇಬೇಕು. ತೋಟದ ನಾಯಿಗಳಿಗೆ ರಕ್ತ ಹೀರುವ ಉಣ್ಣೆ ಹುಳ ಜಾಸ್ತಿ. ಉಣ್ಣೆ ಜ್ವರ ಬಂದರೆ ಕೀಲುಗಳು ಊದಿ ನಾಯಿ ಕುಂಟುತ್ತದೆ, ನೋಡುವವರಿಗೆ ಪೆಟ್ಟು ಬಿದ್ದ ಹಾಗೇ ಕಾಣುತ್ತದೆ. ಕರಿಯನ ರಕ್ತ ಸರಿಯಿತ್ತು. ಸ್ವಲ್ಪ ಮಂಪರು ಬರಿಸಿ ಮಂಡಿ ಹಿಡಿದು ನೋಡಿದೆ. ಒಂದು ಕೈಯಲ್ಲಿ ತೊಡೆಮೂಳೆ ಅಲ್ಲಾಡದಂತೆ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಮಂಡಿ ಕೆಳಗಿನ ಕಾಲಿನ ಮೂಳೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ಲಿಗಮೆಂಟ್ ಗಟ್ಟಿಯಿದ್ದರೆ ಅದು ಜಗ್ಗುವುದಿಲ್ಲ. ಕರಿಯನದು ಸಲೀಸಾಗಿ ಜಾರಿತು. ಚಿಕ್ಕ ಮರಿಗಳಲ್ಲಿ ಸ್ವಲ್ಪ ಜಾರುವುದು ಸಹಜ, ಆದರೆ ಅಲ್ಲಿ ಟಕ್ ಅಂತ ನಿಲ್ಲುತ್ತದೆ. ಇಲ್ಲಿ ಹಾಗೆ ನಿಲ್ಲಲಿಲ್ಲ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಕೀಲಿನೊಳಗೆ ನೀರು ತುಂಬಿದೆಯಾ, ಮೂಳೆ ಚೂರು ಎದ್ದಿದೆಯಾ ಅಂತ ನೋಡಲು ಅದು ಬೇಕು.

ಮನೆಯಲ್ಲಿ ಆಗಲೇ ಎಣ್ಣೆ ಹಾಕಿ ತಿಕ್ಕಿದ್ದರು. ಅದು ಹೋಗಲಿ. ಯಾರೋ ತಮ್ಮ ಸೊಂಟನೋವಿನ ಮಾತ್ರೆಯಲ್ಲಿ ಅರ್ಧ ಮುರಿದು ಕೊಟ್ಟಿದ್ದರು, ಅದು ಮಾತ್ರ ಬೇಡ. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಗೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ಔಷಧಿ ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸಾಯುತ್ತವೆ ಅಂತ 2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನೇ ನಮ್ಮ ದೇಶದಲ್ಲಿ ನಿಷೇಧಿಸಿದರು. ಮನುಷ್ಯರ ಮಾತ್ರೆಯಾಗಿ ಅದು ಈಗಲೂ ಎಲ್ಲ ಮೆಡಿಕಲ್‌ನಲ್ಲೂ ಸಿಗುತ್ತದೆ. ನಾಯಿಗೆ ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್‌ನಂಥ ಔಷಧಿಗಳಿವೆ. ತೂಕ ನೋಡಿ, ಊಟ ಆದ ಮೇಲೆ, ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಇನ್ನೊಂದು ವಿಷಯ: ನೋವು ಕಡಿಮೆಯಾದ ನಾಯಿ ಸುಮ್ನೆ ಮಲಗುವುದಿಲ್ಲ, ಓಡುತ್ತದೆ. ನೋವಿನ ಮಾತ್ರೆ ಕೊಟ್ಟ ದಿನವೇ ಕಟ್ಟಿಹಾಕುವುದೂ ಶುರುವಾಗಬೇಕು.

ಹದಿನೈದು ಕೆಜಿಗಿಂತ ಕಡಿಮೆ ತೂಕದ ನಾಯಿಗಳು ಕೆಲವೊಮ್ಮೆ ಬರೀ ವಿಶ್ರಾಂತಿಯಲ್ಲೇ ಸುಧಾರಿಸುತ್ತವೆ. ಕರಿಯನಷ್ಟು ದೊಡ್ಡ, ಹರೆಯದ ನಾಯಿಗೆ ಆಪರೇಷನ್ನೇ ಒಳ್ಳೆಯದು. ನಾಯಿಯ ಕಾಲಿನ ಮೂಳೆಯ ಮೇಲ್ತುದಿ ಹಿಂದಕ್ಕೆ ಇಳಿಜಾರಾಗಿರುತ್ತದೆ. ಹೆಜ್ಜೆ ಊರಿದಾಗಲೆಲ್ಲ ಆ ಮೂಳೆ ಮುಂದಕ್ಕೆ ನುಗ್ಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದೇ ಈ ಲಿಗಮೆಂಟಿನ ಕೆಲಸ. ಅಮೆರಿಕದ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಬರೆದು ತಿಳಿಸಿದ ಟಿಪಿಎಲ್‌ಒ ಎಂಬ ಆಪರೇಷನ್‌ನಲ್ಲಿ ಲಿಗಮೆಂಟನ್ನು ಹೊಲಿಯುವುದೇ ಇಲ್ಲ. ಮೂಳೆಯ ಮೇಲ್ಭಾಗ ಕತ್ತರಿಸಿ, ತಿರುಗಿಸಿ, ಇಳಿಜಾರು ಕಡಿಮೆ ಮಾಡಿ ಪ್ಲೇಟ್ ಮತ್ತು ಸ್ಕ್ರೂ ಹಾಕುತ್ತಾರೆ. ಅಂದರೆ ಮನೆಗೆ ಬರುವುದು ಮೂಳೆ ಮುರಿದ ನಾಯಿ ಅಂತಲೇ ಲೆಕ್ಕ. ಇದನ್ನು ಯಜಮಾನರಿಗೆ ಎಷ್ಟು ಹೇಳಿದರೂ ಕಡಿಮೆ.

ಬೆಂಗಳೂರಿನಲ್ಲಿ ಆಪರೇಷನ್ ಆಗಿ ಬಂದ ಕರಿಯನ ಜೊತೆ ಒಂದು ಇಂಗ್ಲಿಷ್ ಚೀಟಿ ಬಂತು. ದಿನಕ್ಕೆ ಮೂರು ಸಲ, ಐದೈದು ನಿಮಿಷ ನಡೆಸಿ, ವಾರಕ್ಕೆ ಐದು ನಿಮಿಷ ಏರಿಸಿ ಅಂತ. ಚೀಟಿಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಓದಿದವರು ಶನಿವಾರ ಬಂದು ಭಾನುವಾರ ಹೋಗುವ ಯಜಮಾನರು. ದಿನಾ ಚೈನ್ ಹಿಡಿಯುವ ಅಡುಗೆ ಅಕ್ಕ ವಾಚ್ ಕಟ್ಟುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ, ಕನ್ನಡ ಓದುವುದೂ ಅಷ್ಟಕ್ಕಷ್ಟೇ.

ಹಾಗಾಗಿ ನಾನು ತೋಟಕ್ಕೇ ಹೋಗಿ ಅಕ್ಕನ ಜೊತೆ ನಡೆದೆ. ನಿಮಿಷಗಳನ್ನೆಲ್ಲ ಜಾಗಗಳಾಗಿ ಬದಲಾಯಿಸಿದೆವು. ಮೊದಲ ಎರಡು ವಾರ ಅಡುಗೆಮನೆ ಬಾಗಿಲಿನಿಂದ ಬಾವಿಯವರೆಗೆ, ಮೂತ್ರ ಮಾಡಿಸಿ ವಾಪಸ್. ಹೊಲಿಗೆ ಬಿಚ್ಚಿದ ಮೇಲೆ ಕಿತ್ತಳೆ ಮರದವರೆಗೆ. ಆಮೇಲೆ ಕಣಕ್ಕೆ ಒಂದು ಸುತ್ತು, ನಂತರ ಎರಡು. ಕಣ ಸಮತಟ್ಟಾಗಿರುತ್ತದಲ್ವಾ, ಅದಕ್ಕಿಂತ ಒಳ್ಳೆಯ ಜಾಗ ತೋಟದಲ್ಲಿ ಇಲ್ಲ. ಪಾಚಿ ಕಟ್ಟಿದ ಮೂಲೆಯನ್ನು ಮೊದಲು ಉಜ್ಜಿಸಿದೆವು. ಹೊತ್ತು ಕೂಡ ಗಡಿಯಾರದ್ದಲ್ಲ. ಕೆಲಸದವರನ್ನು ಕರೆಯುವ ಗಂಟೆ ಹೊಡೆದಾಗ ಒಂದು ಸಲ, ಹತ್ತು ಗಂಟೆಯ ಚಹಾ ಹೊತ್ತಿಗೆ ಒಂದು ಸಲ, ಸಂಜೆ ಕೋಳಿ ಗೂಡು ಮುಚ್ಚುವ ಮೊದಲು ಒಂದು ಸಲ.

ಎಲ್ಲಕ್ಕಿಂತ ಮುಖ್ಯ ವೇಗ. ಜೋರಾಗಿ ನಡೆದರೆ ನಾಯಿ ನೋವಿನ ಕಾಲನ್ನು ಎತ್ತಿಕೊಂಡು ಮೂರು ಕಾಲಲ್ಲಿ ಕುಪ್ಪಳಿಸಿಬಿಡುತ್ತದೆ. ಮೆಲ್ಲಗೆ ನಡೆದರೆ ಬೇರೆ ದಾರಿಯಿಲ್ಲದೆ ನಾಲ್ಕನೆಯದನ್ನೂ ಊರುತ್ತದೆ. ಎಷ್ಟು ಮೆಲ್ಲಗೆ ಅಂದರೆ, ಅಜ್ಜಿ ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗೆ ಅಂತ ಹೇಳಿದೆ. ಅಕ್ಕ ನಕ್ಕು, "ಹಾಗಾದ್ರೆ ನಂಗೆ ಸರಿಯಾದ ಕೆಲ್ಸವೇ ಡಾಕ್ಟ್ರಮ್ಮ" ಅಂದರು. ಆಮೇಲೆ ಕರಿಯನ ಪಕ್ಕ ಅವರು ನಡೆಯುವುದನ್ನು ನೋಡಿದೆ. ಚೈನನ್ನು ಗಿಡ್ಡ ಮಾಡಿ ಸೊಂಟದ ಹತ್ತಿರ ಹಿಡಿದುಕೊಂಡು, ಅವನು ಪ್ರತಿ ಸಲ ಬಲಗಾಲು ಊರಿದಾಗಲೂ "ಹ್ಞೂಂ" ಅನ್ನುತ್ತಿದ್ದರು. ಊರದಿದ್ದರೆ ನಿಲ್ಲುತ್ತಿದ್ದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಈಗ ಬೇರೆಯವರಿಗೆ ಹೇಳಿಕೊಡುತ್ತೇನೆ.

ಮನೆಯೊಳಗಿನ ದೊಡ್ಡ ಶತ್ರು ರೆಡ್ ಆಕ್ಸೈಡ್ ನೆಲ. ಹಳೆಯ ಮನೆಗಳಲ್ಲಿ ಅದು ಮುಖ ಕಾಣುವಷ್ಟು ನುಣುಪಾಗಿರುತ್ತದೆ. ಮೊದಲು ಗೋಣಿಚೀಲ ಹಾಸಿದ್ದರು, ಚೀಲ ಸಮೇತ ನಾಯಿ ಜಾರುತ್ತಿತ್ತು. ಕೊಟ್ಟಿಗೆಯಲ್ಲಿ ಹಸುವಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಇದೆಯಲ್ಲ, ಅದನ್ನು ತಂದು ಹಾಕಿದ ಮೇಲೆ ಸರಿಹೋಯಿತು. ಉಗುರು ಕತ್ತರಿಸಿ, ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ತೆಗೆದೆ. ವರಾಂಡದ ಒಂದು ಮೂಲೆಗೆ ಬೆಂಚು ಅಡ್ಡ ಇಟ್ಟು ಅವನ ಜಾಗ ಮಾಡಿದರು. ಕೊನೆಯ ಮೆಟ್ಟಿಲಿಗೆ ಹಲಗೆ.

ವ್ಯಾಯಾಮ ಅಂದರೆ ದೊಡ್ಡದೇನಲ್ಲ. ಮೊದಲ ಮೂರು ದಿನ ಟವಲಿನಲ್ಲಿ ಐಸ್ ಸುತ್ತಿ ಹತ್ತು ಹದಿನೈದು ನಿಮಿಷ. ಊತ ಇಳಿದ ಮೇಲೆ ಬಿಸಿ ಬಟ್ಟೆ, ನಂತರ ಪಕ್ಕಕ್ಕೆ ಮಲಗಿಸಿ ಮಂಡಿಯನ್ನು ನಿಧಾನವಾಗಿ ಮಡಚಿ ಬಿಡಿಸುವುದು, ಒಂದು ಸಲಕ್ಕೆ ಹತ್ತು ಹದಿನೈದು ಬಾರಿ. ನಾಯಿ ತಿರುಗಿ ಕೈ ನೋಡಿದರೆ ಅಲ್ಲಿಗೆ ನಿಲ್ಲಿಸಬೇಕು. ತಿಂಗಳ ನಂತರ ಕೂತು ಏಳುವುದು. ಇದರಲ್ಲಿ ಒಂದು ಉಪಾಯವಿದೆ: ಆಪರೇಷನ್ ಆದ ಕಾಲು ಗೋಡೆಯ ಪಕ್ಕಕ್ಕೆ ಬರುವಂತೆ ನಿಲ್ಲಿಸಿ ಕೂರಿಸಬೇಕು. ಆಗ ಕಾಲನ್ನು ಹೊರಗೆ ಚಾಚಲು ಜಾಗವಿಲ್ಲ, ಮಡಚಿಯೇ ಕೂರುತ್ತದೆ. ಬೇಯಿಸಿದ ಮೊಟ್ಟೆಯ ಚೂರು ತೋರಿಸಿದರೆ ಕರಿಯ ಎಷ್ಟು ಸಲ ಬೇಕಾದರೂ ಏಳುತ್ತಿದ್ದ.

ತೂಕದ ವಿಷಯಕ್ಕೆ ಯಜಮಾನರ ಜೊತೆ ಸ್ವಲ್ಪ ಜಗಳವೇ ಆಯಿತು. ಓಡಾಟವಿಲ್ಲದ ನಾಯಿಗೆ ಅದೇ ಊಟ ಹಾಕಿದರೆ ಆ ಭಾರವೆಲ್ಲ ಮಂಡಿಗೆ. ಭಾನುವಾರದ ಹಂದಿ ಸಾರಿನ ಕೊಬ್ಬು ಬಂದ್ ಅಂದೆ. "ಕೊಡಗಿನ ನಾಯಿಗೆ ಹಂದಿ ಬೇಡ ಅಂದ್ರೆ ಹೇಗೆ ಡಾಕ್ಟ್ರೇ" ಅಂದರು. ಹಾಗೇ, ಬೇಡ.

ಕಷ್ಟದ ಕಾಲ ಮೊದಲ ವಾರವಲ್ಲ. ಆಗ ನಾಯಿಯೂ ಸುಸ್ತು, ಮನೆಯವರಿಗೂ ಹೆದರಿಕೆ. ಕಷ್ಟ ಇರುವುದು ನಾಲ್ಕನೇ ಐದನೇ ವಾರದಲ್ಲಿ. ಕಾಲು ಊರುತ್ತಾನೆ, ಬಾಲ ಅಲ್ಲಾಡಿಸುತ್ತಾನೆ, ಬೆಂಚು ಹಾರಲು ನೋಡುತ್ತಾನೆ. ಎಲ್ಲರಿಗೂ ವಾಸಿಯಾಗಿದೆ ಅನಿಸುತ್ತದೆ. ಒಳಗೆ ಮೂಳೆ ಇನ್ನೂ ಕೂಡಿಲ್ಲ, ಅದಕ್ಕೆ ಎಂಟರಿಂದ ಹನ್ನೆರಡು ವಾರ ಬೇಕು. ಯಜಮಾನರು ಫೋನ್ ಮಾಡಿ, "ಪಾಪ, ಒಂದು ಸಲ ಬಿಟ್ಟು ನೋಡೋಣ್ವಾ?" ಅಂದದ್ದು ಸರಿಯಾಗಿ ಈ ಹೊತ್ತಿಗೇ. ನಾನು ಬೇಡ ಅನ್ನುವ ಮೊದಲೇ ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಕಣ ಎರಡು ಸುತ್ತು ಅಷ್ಟೇ ಸಾರ್, ಇನ್ನೂ ಗೇಟಿಗೆ ಹೋಗ್ಲಿಕ್ಕಿಲ್ಲ." ಲೆಕ್ಕ ಅಕ್ಕನ ಹತ್ತಿರವಿತ್ತು, ಚೀಟಿಯಲ್ಲಲ್ಲ.

ಅದೇ ವಾರ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ. ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ, ಪಟಾಕಿಯೂ ಇರುತ್ತದೆ, ಮನೆ ತುಂಬ ನೆಂಟರು. ಆ ರಾತ್ರಿ ಕರಿಯನನ್ನು ಒಳಕೋಣೆಗೆ ಹಾಕಿ, ಕಿಟಕಿ ಮುಚ್ಚಿ, ರೇಡಿಯೋ ಹಾಕಿ, ವಾಚ್‌ಮನ್ ಮಗಳು ಜೊತೆಗೆ ಕೂತಳು. ಸಿದ್ದಾಪುರ, ಮಾಲ್ದಾರೆ ಕಡೆ ಈ ತಯಾರಿ ಹಬ್ಬಕ್ಕೆ ಮಾತ್ರ ಸಾಲದು. ಆನೆ ಬಂದರೆ ಯಾವ ರಾತ್ರಿ ಬೇಕಾದರೂ ಪಟಾಕಿ ಸಿಡಿಯುತ್ತದೆ. ಕತ್ತಲಾದ ಮೇಲೆ ನಾಯಿ ವರಾಂಡದಲ್ಲಿ ಬೇಡ, ಬಾಗಿಲು ಹಾಕಿದ ಕೋಣೆಯಲ್ಲೇ ಇರಲಿ ಅಂತ ಇಲ್ಲಿನವರಿಗೆ ನಾನು ಹೇಳುವುದು ಅದಕ್ಕೇ.

ಅಕ್ಕನಿಗೆ ಇನ್ನೊಂದು ಹೇಳಿದ್ದೆ. ಚೆನ್ನಾಗಿ ಊರುತ್ತಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಕಾಲೆತ್ತಿದರೆ, ಗಾಯದಿಂದ ನೀರು ಬಂದರೆ, ಮಂಡಿ ಬಿಸಿಯಾದರೆ, ನಡೆಯುವಾಗ ಮಂಡಿ ಕಟಕಟ ಅಂದರೆ, ಯಜಮಾನರನ್ನು ಕೇಳುತ್ತಾ ಕೂರಬೇಡಿ, ನೇರ ನನಗೆ ಫೋನ್ ಮಾಡಿ. ಪ್ಲೇಟ್ ಸಡಿಲವಾಗಿರಬಹುದು, ಸೋಂಕಾಗಿರಬಹುದು, ಕೀಲಿನೊಳಗೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿರಬಹುದು. ಈ ಮಾತನ್ನು ಯಜಮಾನರ ಎದುರಿಗೇ ಹೇಳಬೇಕು. ಇಲ್ಲದಿದ್ದರೆ ಅವರನ್ನು ಬಿಟ್ಟು ಡಾಕ್ಟರಿಗೆ ಫೋನ್ ಮಾಡಲು ಕೆಲಸದವರು ಹಿಂಜರಿಯುತ್ತಾರೆ.

ಎಂಟು ವಾರದ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡುತ್ತಿತ್ತು. ದರ್ಜಿಯ ಟೇಪಿನಲ್ಲಿ ಎರಡೂ ತೊಡೆ ಅಳೆದೆ, ಬಲಗಡೆಯದು ಇನ್ನೂ ಸಣ್ಣ. ಅಷ್ಟು ಹೊತ್ತಿಗೆ ರೊಬಸ್ಟಾ ಕೊಯ್ಲು ಹತ್ತಿರ ಬಂದಿತ್ತು, ಕಣದ ತುಂಬ ಕಾಫಿ ಹರಡುವವರಿದ್ದರು. ನಡಿಗೆಯನ್ನು ಗೇಟಿನ ಜೀಪ್ ರಸ್ತೆಗೆ ಬದಲಾಯಿಸಿದೆವು. ಸಣ್ಣ ಏರು ಹತ್ತುವುದು ಹಿಂಗಾಲಿನ ಮಾಂಸಖಂಡಕ್ಕೆ ಒಳ್ಳೆಯದೇ, ಇಳಿಯುವಾಗ ಮಾತ್ರ ಓರೆಯಾಗಿ, ನಿಧಾನ. ಚೈನ್ ಬಿಚ್ಚಿದ್ದು ಆಮೇಲೂ ಸ್ವಲ್ಪ ಸ್ವಲ್ಪವೇ, ಮೊದಲು ಬೇಲಿ ಹಾಕಿದ ಹಿತ್ತಲಿನಲ್ಲಿ.

ಒಂದು ಮಂಡಿ ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯೂ ಹೋಗುತ್ತದೆ. ಹಾಗಾಗಿ ಎಡಗಾಲಿನ ಮೇಲೂ ಕಣ್ಣಿಡಿ, ತೂಕ ಏರಲು ಬಿಡಬೇಡಿ ಅಂತ ಹೇಳಿ ಕಳಿಸಿದೆ. ಕಳೆದ ವಾರ ಯಜಮಾನರ ಫೋನ್ ಬಂತು. ಕರಿಯನಿಗೆ ಜೊತೆಗೊಂದು ಮರಿ ತರೋಣ ಅಂತಿದ್ದಾರೆ. ಕೊಯ್ಲು ಮುಗಿದ ಮೇಲೆ ತನ್ನಿ, ಅದಕ್ಕೂ ಮೊದಲು ಅಕ್ಕನನ್ನು ಒಂದು ಮಾತು ಕೇಳಿ ಅಂದೆ.