ನಿರಿಗೆ, ಗೊಂಡೆ, ಸರಪಳಿ: ಪುಟಾಣಿಗಳ ಪದವಿ ದಿನದ ಸಿಂಗಾರ

ಶಿಶುವಿಹಾರದ ಪದವಿ ಸಮಾರಂಭಕ್ಕೆ ಸಿಂಗಾರ ಮಾಡಲು ಕೂತಾಗ ಮೊದಲು ಕೆಲಸ ಹಂಚಿಕೊಂಡೆವು. ಅಳತೆ ಹಾಕುವುದು, ಕತ್ತರಿಸಿಡುವುದು, ಎತ್ತರಕ್ಕೆ ಕಟ್ಟುವುದು ದೊಡ್ಡವರ ಪಾಲು. ಮಡಿಸುವುದು, ಅಂಟಿಸುವುದು, ಬಣ್ಣ ಆರಿಸುವುದು ಮಕ್ಕಳದು. ಐದಾರು ವರ್ಷದ ಕೈಗೆ ಆಗುವ ಕೆಲಸವನ್ನು ನಾವೇ ಮಾಡಿ ಮುಗಿಸಿದರೆ ಗೋಡೆ ಚೆಂದ ಕಾಣಬಹುದು, ಆದರೆ ಅದರಲ್ಲಿ ಮಕ್ಕಳದ್ದು ಅಂತ ಏನೂ ಇರುವುದಿಲ್ಲ.

ಸರಪಳಿಯಿಂದ ಶುರು ಮಾಡುವುದು ಒಳ್ಳೆಯದು. ಎ4 ಬಣ್ಣದ ಹಾಳೆಯನ್ನು ಅಡ್ಡಕ್ಕೆ 3.3 ಸೆಂ.ಮೀ. ಅಗಲದಂತೆ ಕತ್ತರಿಸಿದರೆ 21 ಸೆಂ.ಮೀ. ಉದ್ದದ 9 ಪಟ್ಟಿ ಸಿಗುತ್ತವೆ, ಹಾಳೆ ಹಾಳಾಗುವುದಿಲ್ಲ. ತುದಿಗಳು 2 ಸೆಂ.ಮೀ.ನಷ್ಟು ಒಂದರ ಮೇಲೊಂದು ಬಂದರೆ ಬಳೆ ಸುಮಾರು 6 ಸೆಂ.ಮೀ. ಅಗಲವಾಗುತ್ತದೆ. 3 ಮೀಟರ್ ಸರಪಳಿಗೆ 6 ಹಾಳೆ ಸಾಕು. ಮಾಮೂಲಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದವೇ ಇದಕ್ಕೆ ಸರಿ. ಚಾರ್ಟ್ ಪೇಪರ್ ಬಳಸಿದರೆ ಅದರ ಬಿಗಿಗೆ ಅಂಟು ಒಣಗುವ ಮೊದಲೇ ಬಳೆ ಬಿಚ್ಚಿಕೊಳ್ಳುತ್ತದೆ. ನೀರಾದ ಅಂಟಿಗಿಂತ ಗ್ಲೂ ಸ್ಟಿಕ್ ವಾಸಿ. ಹಚ್ಚಿದ ಮೇಲೆ ಹತ್ತು ಎಣಿಸುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಲು ಹೇಳಿದರೆ ಮಕ್ಕಳಿಗೆ ಎಣಿಕೆಯೂ ಒಂದು ಆಟವಾಗುತ್ತದೆ.

ಹಿಂದಿನ ಬಳೆಯೊಳಗೆ ಪಟ್ಟಿ ತೂರಿಸುವುದನ್ನು ಮರೆತು ಬಿಡಿ ಬಳೆ ಅಂಟಿಸುವ ಮಕ್ಕಳು ಇದ್ದೇ ಇರುತ್ತಾರೆ. ಅದನ್ನು ಹರಿಯಬೇಡಿ, ತಪ್ಪು ಅಂತಲೂ ಹೇಳಬೇಡಿ. ಎರಡು ಬಿಡಿ ಬಳೆಗಳ ನಡುವೆ ಹೊಸ ಪಟ್ಟಿಯೊಂದನ್ನು ತೂರಿಸಿ ಅಂಟಿಸಿದರೆ ಮೂರೂ ಕೂಡಿಕೊಳ್ಳುತ್ತವೆ. ಒಬ್ಬೊಬ್ಬರಿಂದ ಐದಾರು ಬಳೆಯ ತುಂಡು ಮಾಡಿಸಿ, ಕೊನೆಗೆ ಎಲ್ಲವನ್ನೂ ಹೀಗೇ ಜೋಡಿಸಬಹುದು.

ಹೆಚ್ಚು ಸಮಯ ಬೇಡುವುದು ನಿರಿಗೆಯ ಚಕ್ರ. ಒಂದು ಚಕ್ರಕ್ಕೆ ಎ4 ಹಾಳೆ ಮೂರು. ಎರಡರಲ್ಲೂ ಸುತ್ತು ಪೂರ್ತಿಯಾಗುತ್ತದೆ, ಆದರೆ ನಿರಿಗೆ ಎಳೆದು ಚಪ್ಪಟೆಯಾಗಿ ಕಳೆಗುಂದುತ್ತದೆ. ಒಂದು ತುದಿಯಿಂದ ನಿರಿಗೆ ಹಿಡಿಯುತ್ತಾ ಹೋದರೆ ಮಕ್ಕಳ ಕೈಯಲ್ಲಿ ಮೊದಲಿನದು ಬೆರಳಗಲ, ಕೊನೆಯದು ಅಂಗೈಯಗಲ. ಅದರ ಬದಲು ಹಾಳೆಯ ಉದ್ದವನ್ನು ನಾಲ್ಕು ಸಲ ಅರ್ಧರ್ಧಕ್ಕೆ ಮಡಿಸಿ ಬಿಚ್ಚಿ. 16 ಸಮಭಾಗದ ಗೆರೆ ಮೂಡಿರುತ್ತದೆ, ಒಂದೊಂದೂ 1.8 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು. ಆ ಗೆರೆಗಳನ್ನೇ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಮಡಿಸುತ್ತಾ ಹೋದರೆ ಸೀರೆಯ ನಿರಿಗೆಯಷ್ಟೇ ಅಚ್ಚುಕಟ್ಟು. ನಟ್ಟನಡುವೆ ದಾರ ಕಟ್ಟಿ, ಎರಡೂ ರೆಕ್ಕೆ ಬಿಡಿಸಿ, ಪಕ್ಕದ ಹಾಳೆಯ ಕೊನೆಯ ನಿರಿಗೆಗೆ ಅಂಟಿಸಬೇಕು. ದಾರ ಸಡಿಲವಾದರೆ ನಡುವೆ ತೂತು ಬಾಯಿ ಬಿಡುತ್ತದೆ, ತೀರಾ ಬಿಗಿದರೆ ಕಾಗದ ಹರಿಯುತ್ತದೆ. ಅಂಟಿಸಿದ ಕಡೆ ಬಟ್ಟೆ ಕ್ಲಿಪ್ ಹಾಕಿ ಒಣಗಲು ಬಿಡಿ. ಕೊನೆಗೆ ನಡುವಿಗೆ ಎರಡೂ ಬದಿಯಲ್ಲಿ 4 ಸೆಂ.ಮೀ. ಅಗಲದ ದುಂಡು ಬಿಲ್ಲೆ ಅಂಟಿಸಿದರೆ ದಾರವೂ ಮುಚ್ಚುತ್ತದೆ, ಚಕ್ರವೂ ಗಟ್ಟಿಯಾಗುತ್ತದೆ.

ಪದವಿಯ ಟೋಪಿಗೆ ದಪ್ಪ ಕಪ್ಪು ಕಾಗದ ಬೇಕು. ಮೇಲಿನ ಚೌಕ 22 ಸೆಂ.ಮೀ., ಸುತ್ತಿನ ಪಟ್ಟಿ 6 ಸೆಂ.ಮೀ. ಅಗಲ. ಈ ವಯಸ್ಸಿನವರ ತಲೆ ಸುತ್ತಳತೆ ಸಾಮಾನ್ಯವಾಗಿ 50–52 ಸೆಂ.ಮೀ. ಆದರೂ ಪಟ್ಟಿಯನ್ನು 58ಕ್ಕೆ ಕತ್ತರಿಸಿ, ತಲೆಗೆ ಸುತ್ತಿ ನೋಡಿದ ಮೇಲೆಯೇ ಅಂಟಿಸಿ. ಒಂದೇ ಅಳತೆಯಲ್ಲಿ ಎಲ್ಲವನ್ನೂ ಮಾಡಿಟ್ಟರೆ ಅರ್ಧ ಟೋಪಿಗಳು ಕಣ್ಣಿನ ಮೇಲೆ ಇಳಿಯುತ್ತವೆ. ಪಟ್ಟಿಯ ಮೇಲಂಚಿನಲ್ಲಿ 2 ಸೆಂ.ಮೀ.ಗೊಂದರಂತೆ 1.5 ಸೆಂ.ಮೀ. ಆಳದ ಕತ್ತರಿ ಗುರುತು ಹಾಕಿ, ಆ ಹಲ್ಲುಗಳನ್ನು ಒಳಕ್ಕೆ ಮಡಿಸಿ ಅಂಟು ಹಚ್ಚಿದರೆ ಚೌಕ ಭದ್ರವಾಗಿ ಕೂರುತ್ತದೆ. ಬರೀ ಅಂಚಿಗೆ ಅಂಟು ಸವರಿ ಕೂರಿಸಿದ ಟೋಪಿ ವೇದಿಕೆ ಹತ್ತುವ ಹೊತ್ತಿಗೆ ಎರಡಾಗುತ್ತದೆ. ಗೊಂಡೆಗೆ ಉಲ್ಲನ್ ದಾರವನ್ನು 8 ಸೆಂ.ಮೀ. ರಟ್ಟಿಗೆ 20 ಸುತ್ತು ಸುತ್ತಿ, ಒಂದು ಕಡೆ ಕಟ್ಟಿ, ಇನ್ನೊಂದು ಕಡೆ ಕತ್ತರಿಸಿ. ಅದು ಮುಂದಕ್ಕೆ ಜೋತರೆ ಮಗು ಇಡೀ ಹೊತ್ತು ಅದನ್ನೇ ಊದುತ್ತಿರುತ್ತದೆ, ಪಕ್ಕಕ್ಕೆ ಇಳಿಬಿಡಿ.

ತೋರಣದ ಮೇಲೆ ಕನ್ನಡದಲ್ಲಿ ಬರೆಯುವಾಗ ಒಂದು ಚೀಟಿಗೆ ಒಂದು ಪೂರ್ತಿ ಅಕ್ಷರ ಇರಲಿ. ‘ಅಭಿನಂದನೆ’ಗೆ ಅ, ಭಿ, ನಂ, ದ, ನೆ ಎಂದು ಐದೇ ಚೀಟಿ. ಅಕ್ಷರವನ್ನೇ ಕತ್ತರಿಸಿ ದಾರಕ್ಕೆ ಪೋಣಿಸಲು ಹೋದರೆ ಸೊನ್ನೆ, ಒತ್ತಕ್ಷರಗಳು ಬಿಡಿಯಾಗಿ ಉದುರುತ್ತವೆ. ಅದಕ್ಕೇ ಚೀಟಿಯ ಮೇಲೆ ಅಂಟಿಸುವುದು.

ಕಟ್ಟುವುದನ್ನು ಆದಷ್ಟು ತಡವಾಗಿ ಮಾಡಿ. ರಾತ್ರಿಯ ತೇವಕ್ಕೆ ಕಾಗದ ಸೊರಗುತ್ತದೆ, ಕ್ರೇಪ್ ಕಾಗದವಂತೂ ನೀರು ತಾಗಿದರೆ ಬಣ್ಣ ಬಿಟ್ಟು ಗೋಡೆಗೂ ಬಟ್ಟೆಗೂ ಹಿಡಿಯುತ್ತದೆ. ಸುಣ್ಣ ಬಳಿದ ಗೋಡೆಗೆ ಟೇಪ್ ನಿಲ್ಲುವುದಿಲ್ಲ, ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ ಅದರ ಮೇಲೆ ತೂಗಿಬಿಡಿ. ಫ್ಯಾನಿನ ಹತ್ತಿರ ಏನೂ ಬೇಡ. ಚಕ್ರಗಳಲ್ಲಿ ಕೆಲವಾದರೂ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ಮಕ್ಕಳ ಕಣ್ಣಿಗೆ ನೇರವಾಗಿ ಇರಲಿ.

ಸಮಾರಂಭ ಮುಗಿದ ಮೇಲೆ ತಾವು ಮಾಡಿದ್ದನ್ನು ಮನೆಗೆ ಒಯ್ಯಬೇಕೆಂದು ಎಲ್ಲರೂ ಕೇಳುತ್ತಾರೆ. ಪಟ್ಟಿಯ ಒಳಮೈಗೆ ಹೆಸರು ಬರೆಸಿಡಿ, ಅದೂ ಅಂಟಿಸುವ ಮೊದಲೇ. ಬಳೆಯಾದ ಮೇಲೆ ಒಳಗೆ ಪೆನ್ಸಿಲ್ ಓಡುವುದಿಲ್ಲ.