ಇಷ್ಟು ಮೆಡಲ್ ಇದಾವಲ್ಲ, ಏನು ಮಾಡಿದ್ರಿ ಸಾರ್?

ಪ್ರತಿ ಆಗಸ್ಟ್ 15ಕ್ಕೆ ನಮ್ಮೂರ ಹೈಸ್ಕೂಲಿನವರು ಮಾಜಿ ಸೈನಿಕ ಅಂತ ನನ್ನನ್ನು ಕರೆಯುತ್ತಾರೆ. ಕೋಟು ಹಾಕಿ, ಎಡ ಎದೆಗೆ ಮೆಡಲ್ ಸಾಲು ಸಿಕ್ಕಿಸಿಕೊಂಡು ಹೋಗುತ್ತೇನೆ. ಒಟ್ಟು ಏಳು. ನಡೆದರೆ ಕಿಣಿಕಿಣಿ ಅನ್ನುತ್ತವೆ. ಬಾವುಟ ಹಾರಿಸಿ, ಲಾಡು ಹಂಚಿದ ಮೇಲೆ ಹುಡುಗರು ಸುತ್ತ ಸೇರುತ್ತಾರೆ. "ಇಷ್ಟು ಮೆಡಲ್ ಇದಾವಲ್ಲ, ಏನು ಮಾಡಿದ್ರಿ ಸಾರ್?" ಮೇಷ್ಟ್ರುಗಳೂ ಅದನ್ನೇ ಕೇಳುತ್ತಾರೆ, ಸ್ವಲ್ಪ ಸುತ್ತಿಬಳಸಿ. ಮದುವೆ ಮನೆಯಲ್ಲಿ ಸಿಗುವ ನೆಂಟರದು ಬೇರೆ ಪ್ರಶ್ನೆ: "ಒಂದಕ್ಕೆ ಎಷ್ಟು ದುಡ್ಡು ಬರುತ್ತೆ?"

ಏನು ಮಾಡಿದೆ ಅಂದರೆ, ಟೈಪ್ ಮಾಡಿದೆ. 1988ರಿಂದ 2012ರವರೆಗೆ ಒಂದು ಕಾಲ್ದಳ ಬೆಟಾಲಿಯನ್ನಿನಲ್ಲಿ ಕ್ಲರ್ಕ್ ಆಗಿದ್ದೆ. ಫೌಜಿನಲ್ಲಿ ನಮ್ಮನ್ನು ಬಾಬು ಅನ್ನುತ್ತಾರೆ. ಹುಡುಗರ ಮುಖ ಸಪ್ಪಗಾಗುವುದು ಗೊತ್ತಾಗುತ್ತದೆ. ಆದರೂ ಸುಳ್ಳು ಹೇಳಲು ಮನಸ್ಸು ಬರುವುದಿಲ್ಲ.

ನನ್ನ ಏಳರಲ್ಲಿ ಒಂದು ಒಂಬತ್ತು ವರ್ಷ ನೌಕರಿ ಮಾಡಿದ್ದಕ್ಕೆ, ಇನ್ನೊಂದು ಇಪ್ಪತ್ತು ವರ್ಷಕ್ಕೆ. ಮತ್ತೊಂದು ಸ್ವಾತಂತ್ರ್ಯದ 50ನೇ ವರ್ಷದ್ದು. 1997ರ ಆಗಸ್ಟ್ 15ರಂದು ಸಮವಸ್ತ್ರದಲ್ಲಿದ್ದರೆ ಸಾಕಿತ್ತು. ಎತ್ತರದ ಬೆಟ್ಟದಲ್ಲಿ ಚಳಿ ಕುಡಿದಿದ್ದಕ್ಕೆ ಒಂದು. ಕಾರ್ಗಿಲ್ ವೇಳೆಯದು ಆಪರೇಷನ್ ವಿಜಯ್ ಮೆಡಲ್. ಕಾರ್ಗಿಲ್, ದ್ರಾಸ್ ಕಡೆ ಇದ್ದವರಿಗೆ ಆಪರೇಷನ್ ವಿಜಯ್ ಸ್ಟಾರ್ ಅನ್ನುವ ಬೇರೆ ಪದಕ ಬಂತು. ನಮ್ಮ ಬೆಟಾಲಿಯನ್ ಬೇರೆ ಗಡಿಯಲ್ಲಿ ಕಾಯುತ್ತಿತ್ತು, ನಮಗೆ ಮೆಡಲ್ ಬಂತು. ಉಳಿದವೂ ಇದೇ ಜಾತಿಯವು. ನಾನು ಅಲ್ಲಿದ್ದೆ ಎಂದಷ್ಟೇ ಅವು ಹೇಳುತ್ತವೆ. ಶೌರ್ಯದ ಮೆಡಲ್ ಒಂದೂ ಇಲ್ಲ.

ನಾವು ಹಳೇ ಫೌಜಿಗಳು ಸಿಕ್ಕಾಗ ಒಬ್ಬರ ಎದೆಯನ್ನೊಬ್ಬರು ಓದುತ್ತೇವೆ. ಎಷ್ಟಿವೆ ಅಂತ ಎಣಿಸುವುದಿಲ್ಲ. ಕೋಟಿನ ಗುಂಡಿಗೆ ಹತ್ತಿರ ಯಾವುದಿದೆ ಅಂತ ಮೊದಲು ನೋಡುತ್ತೇವೆ, ದೊಡ್ಡದು ಅಲ್ಲೇ ಇರುವುದು. ಅಲ್ಲಿ ಕಡುನೀಲಿ ಮತ್ತು ಕಿತ್ತಳೆ ಅರ್ಧರ್ಧ ಇರುವ ರಿಬ್ಬನ್ ಕಂಡರೆ ವೀರ ಚಕ್ರ. ಬಿಳಿ ಮತ್ತು ಕಿತ್ತಳೆಯಾದರೆ ಮಹಾವೀರ ಚಕ್ರ. ಬರೀ ನೇರಳೆ ಬಣ್ಣದ ಪರಮವೀರ ಚಕ್ರ ಇದುವರೆಗೆ ಬಂದಿರುವುದು 21 ಜನಕ್ಕೆ. ಅವರಲ್ಲಿ 14 ಮಂದಿಗೆ ಸತ್ತ ಮೇಲೆ. ಅದು ಬೆಳ್ಳಿಯದೂ ಅಲ್ಲ, ಕಂಚಿನದು. ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಮದುವೆಯಾಗಿದ್ದು ನಮ್ಮ ಸೇನೆಯ ಅಧಿಕಾರಿಯನ್ನು. ಅದರ ಮೇಲಿರುವುದು ದಧೀಚಿಯ ಎಲುಬಿನಿಂದ ಮಾಡಿದ ಇಂದ್ರನ ವಜ್ರಾಯುಧ.

ಬೆಂಗಳೂರಿನವರು ಕೇಳುವುದುಂಟು, ಮುಂಬೈ ದಾಳಿಯಲ್ಲಿ ಉಗ್ರರ ಜೊತೆ ಹೋರಾಡಿ ಸತ್ತ ಮೇಜರ್ ಸಂದೀಪ್ ಉನ್ನಿಕೃಷ್ಣನ್‌ಗೆ ಯಾಕೆ ಪರಮವೀರ ಚಕ್ರ ಕೊಡಲಿಲ್ಲ ಅಂತ. ಪರಮವೀರ, ಮಹಾವೀರ, ವೀರ ಚಕ್ರದ ಸಾಲು ಶತ್ರು ಸೇನೆಯ ಎದುರು ಹೋರಾಡಿದವರಿಗೆ. ಯುದ್ಧವಲ್ಲದ ಕಡೆ ಮಾಡಿದ ಸಾಹಸಕ್ಕೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ. ಹಾಗಾಗಿ ಅವರಿಗೆ ಬಂದದ್ದು ಅಶೋಕ ಚಕ್ರ. ಕಡಿಮೆ ಮಾಡಿದರು ಅಂತ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಸೇನಾ ಮೆಡಲ್ ಇದ್ದರೆ ಮಾತ್ರ ನಾವು ಮೆಲ್ಲಗೆ ಕೇಳುತ್ತೇವೆ, "ಗ್ಯಾಲಂಟ್ರಿನಾ?" ಒಳ್ಳೆಯ ಸೇವೆಗೂ ಅದೇ ಮೆಡಲ್, ಸಾಹಸಕ್ಕೂ ಅದೇ. ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಶೌರ್ಯದ ಮೆಡಲ್ ಮೊದಲು ಹುಟ್ಟುವುದು ಒಂದು ಹಾಳೆಯ ಮೇಲೆ. ಅದಕ್ಕೆ ಸೈಟೇಷನ್ ಅನ್ನುತ್ತಾರೆ. ಯಾವ ದಿನ, ಯಾವ ಜಾಗ, ಎಷ್ಟು ಹೊತ್ತಿಗೆ, ಈ ಜವಾನ ಏನು ಮಾಡಿದ. ಕಂಪನಿ ಕಮಾಂಡರ್ ಪೆನ್ಸಿಲಿನಲ್ಲಿ ಬರೆದು ತರುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ, ಬೆಟಾಲಿಯನ್ನಿನ ಮುಖ್ಯಸ್ಥರಾದ ಸಿಓ ಸಾಹೇಬರು ಸಹಿ ಹಾಕುತ್ತಿದ್ದರು. ಅಲ್ಲಿಂದ ಬ್ರಿಗೇಡು, ಡಿವಿಷನ್ನು, ಹೀಗೆ ಮೇಲೇರಿ ದೆಹಲಿ ತಲುಪಬೇಕು. ಪ್ರತಿ ಮೆಟ್ಟಿಲಲ್ಲೂ ಓದುವವನು ಹುಡುಕುವುದು ಒಂದನ್ನೇ: ಇದನ್ನು ಕಣ್ಣಾರೆ ಕಂಡವರು ಯಾರು?

ಇಲ್ಲೇ ಎಷ್ಟೋ ಕಾಗದ ಬಿದ್ದುಹೋಗುತ್ತವೆ. ಕಂಡವನು ಬದುಕಿರಬೇಕು, ಅವನಿಗೆ ಹೇಳಲು ಬರಬೇಕು, ಬರೆಯುವ ಸಾಹೇಬರಿಗೆ ಬರವಣಿಗೆ ಇರಬೇಕು. ಚೆನ್ನಾಗಿ ಬರೆಯುವ ಕಮಾಂಡರ್ ಇರುವ ಕಂಪನಿಗೆ ಮೆಡಲ್ ಜಾಸ್ತಿ ಬರುತ್ತಿತ್ತು. ಇದನ್ನು ಹೇಳಿದರೆ ನನ್ನ ಹಳೇ ಗೆಳೆಯರಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಟೈಪ್ ಮಾಡಿದವನು ನಾನು, ಅಲ್ವಾ?

ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಡಿಕೇರಿಯಲ್ಲಿ ಒಂದು ಪ್ರತಿಮೆಯೇ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ತಂಡದಲ್ಲಿ ಅವರು ಕಾಯ್ದಿರಿಸಿದ ಪೈಲಟ್. ಇನ್ನೊಂದು ವಿಮಾನ ಹಿಂದುಳಿದಿದ್ದಕ್ಕೆ ಇವರು ಹೋಗಬೇಕಾಯಿತು. ವಾಪಸ್ ಬರಲಿಲ್ಲ. ನಮ್ಮವರಿಗೆ ಗೊತ್ತಿದ್ದದ್ದು ಅಷ್ಟೇ. ಅವರು ತಮ್ಮ ನಿಧಾನದ ಮಿಸ್ಟೇರ್ ವಿಮಾನದಲ್ಲಿ, ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಕೆಡವಿದ್ದರು. ಆ ವಿಮಾನದ ಪಾಕಿಸ್ತಾನಿ ಪೈಲಟ್ ಧುಮುಕಿ ಬದುಕಿಕೊಂಡ. 1979ರಲ್ಲಿ ಒಬ್ಬ ಇಂಗ್ಲಿಷ್ ಲೇಖಕರ ಪುಸ್ತಕದಲ್ಲಿ ಈ ಕಥೆ ಹೊರಬಂತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಅದನ್ನು ಪಡೆದದ್ದು ಅವರ ಹೆಂಡತಿ. ಸಾಕ್ಷಿ ಸಿಕ್ಕಿದ್ದು ಎದುರು ಪಾಳಯದಲ್ಲಿ ನೋಡಿ.

ಉಲ್ಟಾ ಆಗಿದ್ದೂ ಇದೆ. ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್ಲಿನಲ್ಲಿ ಗುಂಡು ತಿಂದು ಬದುಕಿದ ಯೋಗೇಂದ್ರ ಸಿಂಗ್ ಯಾದವ್‌ಗೆ ಪರಮವೀರ ಚಕ್ರ ಘೋಷಿಸಿದಾಗ ಮರಣೋತ್ತರ ಅಂತ ಹಾಕಿದ್ದರು. ಆತ ಆಸ್ಪತ್ರೆಯಲ್ಲಿದ್ದ, ವಯಸ್ಸು 19. ಅದೇ ಹೆಸರಿನ ಇನ್ನೊಬ್ಬ ಜವಾನ ತೀರಿಹೋಗಿದ್ದ. ಆ ಕಾಗದ ಟೈಪ್ ಮಾಡಿದ ಬಾಬು ಯಾರೋ, ನನಗೆ ಅವನ ಮೇಲೆ ಕನಿಕರ.

ನೆಂಟರ ಪ್ರಶ್ನೆಗೂ ಹೇಳಿಬಿಡುತ್ತೇನೆ. ನನ್ನ ಏಳಕ್ಕೂ ಸೇರಿ ತಿಂಗಳಿಗೆ ಬರುವುದು ಸೊನ್ನೆ. ಶೌರ್ಯದ ಪದಕಗಳಿಗೆ ಮಾತ್ರ ಭತ್ಯೆ. 2017ರಲ್ಲಿ ಅದನ್ನು ದುಪ್ಪಟ್ಟು ಮಾಡಿದಾಗ ಪರಮವೀರ ಚಕ್ರಕ್ಕೆ ತಿಂಗಳಿಗೆ 20,000 ರೂಪಾಯಿ ಆಯಿತು, ವೀರ ಚಕ್ರಕ್ಕೆ 7,000, ಸಾಹಸದ ಸೇನಾ ಮೆಡಲ್‌ಗೆ 2,000. ರಾಜ್ಯ ಸರ್ಕಾರಗಳು ಕೊಡುವ ಇನಾಮು ಬೇರೆ. ನನ್ನ ಮೆಡಲ್‌ಗಳಲ್ಲಿ ಎರಡು ಕಂಟೋನ್ಮೆಂಟ್ ಪಕ್ಕದ ಟೈಲರ್ ಅಂಗಡಿಯಲ್ಲಿ ಕೊಂಡ ನಕಲು. ಅಸಲಿ ಬರುವುದು ವರ್ಷಗಟ್ಟಲೆ ತಡವಾಯಿತು, ಪರೇಡಿಗೆ ಖಾಲಿ ಹೋಗುವಂತಿಲ್ಲವಲ್ಲ. ಅಸಲಿಗೆ ಅಂಚಿನಲ್ಲಿ ನಂಬರು, ಹೆಸರು ಕೆತ್ತಿರುತ್ತದೆ. ಒಂದು ಕೊನೆಗೆ ಬಂದಾಗ, ನಿವೃತ್ತನಾಗಿ ತೋಟಕ್ಕೆ ನೀರು ಬಿಡುತ್ತಿದ್ದವನು, ಕೈ ಒರೆಸಿಕೊಂಡು ಮೊದಲು ಆ ಅಂಚನ್ನೇ ಓದಿದೆ. ಯುದ್ಧ ಮಾಡದ ನನಗೇ ಹೀಗೆ.

ನಾನು ಟೈಪ್ ಮಾಡಿದ್ದರಲ್ಲಿ ಒಂದು ಕಾಗದ ಮರೆಯಲು ಆಗಿಲ್ಲ. ಕುಪ್ವಾರಾದ ಕಾಡಿನಲ್ಲಿ ಗುಂಡೇಟು ತಿಂದ ಜೊತೆಗಾರನನ್ನು ನಮ್ಮ ಲ್ಯಾನ್ಸ್ ನಾಯಕ್ ಒಬ್ಬ ಗುಂಡಿನ ಮಳೆಯಲ್ಲೇ ಹೆಗಲ ಮೇಲೆ ಹೊತ್ತು ನಾಲಾ ದಾಟಿಸಿದ. ಇಬ್ಬರೂ ನಮ್ಮ ಕರ್ನಾಟಕದವರೇ. ಹೊತ್ತವನಿಗೆ ಸೇನಾ ಮೆಡಲ್ ಕೇಳಿ ಬರೆದೆವು. ಹೊರಿಸಿಕೊಂಡವನಿಗೆ ಎಚ್ಚರ ಇರಲಿಲ್ಲ. ನೋಡಿದ್ದ ಮೂರನೆಯವನು ಅದೇ ರಾತ್ರಿ ತೀರಿಕೊಂಡ. ಕಾಗದ ಎರಡು ಸಲ ವಾಪಸ್ ಬಂತು, ಎರಡು ಸಲ ಹೊಸದಾಗಿ ಟೈಪ್ ಮಾಡಿದೆ. ಕೊನೆಗೆ ಅವನಿಗೆ ಸಿಕ್ಕಿದ್ದು ಒಂದು ಪ್ರಶಂಸಾ ಕಾರ್ಡು. ಗುಂಡೇಟು ತಿಂದವನಿಗೆ ವೂಂಡ್ ಮೆಡಲ್ ಬಂತು, ಅದಕ್ಕೆ ಸಾಕ್ಷಿ ಅವನ ಕಾಲಲ್ಲೇ ಇತ್ತು.

ಬೆಟಾಲಿಯನ್ನಿನ ರೈಸಿಂಗ್ ಡೇಗೆ, ಅಂದರೆ ಅದು ಹುಟ್ಟಿದ ದಿನದ ಹಬ್ಬಕ್ಕೆ, ಇಬ್ಬರೂ ಬರುತ್ತಾರೆ, ಒಂದೇ ಟೇಬಲ್ಲು. ಎರಡನೇ ಪೆಗ್ ಹೊತ್ತಿಗೆ ಕುಂಟುವವನು ತನ್ನ ಎದೆ ಮುಟ್ಟಿ, "ಇದರಲ್ಲಿ ಅರ್ಧ ನಿಂದು ಕಣೋ" ಅನ್ನುತ್ತಾನೆ.

"ಅರ್ಧನಾ? ಎಂಬತ್ತು ಕಿಲೋ ಇದ್ದೆ ನೀನು," ಅಂತ ಇವನು ಬೈಯುತ್ತಾನೆ. "ಪೂರ್ತಿ ಕೊಡು."