ಹಲಸಿನ ಬಾಡಿ, ಮೇಪಲ್ ನೆಕ್

ಬೇಸ್ ಗಿಟಾರ್ ಕಟ್ಟಿಸಬೇಕು ಅಂದವರ ಬಾಯಲ್ಲಿ ಮೊದಲು ಬರುವುದೇ ಮರದ ಮಾತು. ಆಲ್ಡರೋ, ಆಶೋ, ಮಹಾಗನಿಯೋ ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಗಣೇಶನ ಹಬ್ಬಕ್ಕೆ ಮುಂಚೆ ಒಂದು ಭಾನುವಾರ ತುಮಕೂರಿನ ಶಿರಾ ಗೇಟ್ ಕಡೆಯ ಮರಗೆಲಸದ ಅಂಗಡಿಯಲ್ಲಿ ನಾಲ್ಕು ತಂತಿಯ ಬೇಸ್ ಒಂದನ್ನು ಜೋಡಿಸಿದೆವು. ಬಾಗಿಲು, ಕಿಟಕಿ ಮಾಡುವ ಆಚಾರ್ರು, ಊರೂರಿನ ರಸಮಂಜರಿಗಳಲ್ಲಿ ಬೇಸ್ ನುಡಿಸುವ ಗೆಳೆಯ, ವೈರಿಂಗ್ ನೋಡಿಕೊಳ್ಳಲು ನಾನು. ಮರದ ಬಗ್ಗೆ ಅಂದು ಆಡಿದ್ದು ಹತ್ತು ನಿಮಿಷದ ಮಾತು. ಉಳಿದ ಹೊತ್ತೆಲ್ಲ ಹೋದದ್ದು ಬಾಡಿಯಲ್ಲಿ ನೆಕ್ (ಎಡಗೈ ಆಡುವ ಉದ್ದನೆಯ ಕತ್ತು) ಕೂರುವ ಗುಂಡಿ, ಬ್ರಿಡ್ಜ್‌ನ (ಬಾಡಿಯ ಮೇಲೆ ತಂತಿಗಳ ಕೊನೆ ಕೂರುವ ಲೋಹದ ಭಾಗ) ಜಾಗ, ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಗಾಡಿ ಅಂದರೆ ತೋಡಿದ ಸಣ್ಣ ಕಾಲುವೆ, ಅರ್ಥ್ ವೈರ್ ಇವುಗಳಿಗೆ. ಬೇಸ್ ಚೆನ್ನಾಗಿ ನುಡಿಯುವುದೂ ಕೆಡುವುದೂ ಇಲ್ಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮರದ ಹತ್ತು ನಿಮಿಷವನ್ನು ಮೊದಲು ಮುಗಿಸುತ್ತೇನೆ. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ಹಲಸಿಗೆ ಬರವಿಲ್ಲ. ಆಚಾರ್ರ ಅಟ್ಟದ ಮೇಲೆ ವರ್ಷಗಳಿಂದ ಒಣಗಿದ ಹಲಗೆಗಳಿದ್ದವು. ವೀಣೆಗೆ, ಮೃದಂಗಕ್ಕೆ ಒದಗುವ ಮರ ಬೇಸ್‌ಗೂ ಒದಗುತ್ತದೆ. ಆದರೆ ಚೇಗು, ಅಂದರೆ ನಡುವಿನ ಗಟ್ಟಿ ಭಾಗ ಮಾತ್ರ ಬೇಕು. ಅಂಚಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ತಿರುಪೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಒಣಗಿದೆಯೋ ಇಲ್ಲವೋ ತಿಳಿಯಲು ಮೀಟರ್ ಇಲ್ಲದಿದ್ದರೆ ಹಲಗೆಯನ್ನು ವಾರಕ್ಕೊಮ್ಮೆ ತೂಗಬೇಕು. ತೂಕ ಇಳಿಯುವುದು ನಿಂತಿತೆಂದರೆ ಮರ ಕೆಲಸಕ್ಕೆ ಬಂತು. ಹಲಸು ಆಲ್ಡರ್‌ಗಿಂತ ತೂಕ. ಹಾಗಾಗಿ ಪಿಕಪ್‌ನ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿ) ಹಿಂದಿನ, ಕಾಣದ ಭಾಗದಲ್ಲಿ ಸ್ವಲ್ಪ ಮರ ತೆಗೆದೆವು. ಪೂರ್ತಿ ಬೇಸ್ ನಾಲ್ಕು, ನಾಲ್ಕೂವರೆ ಕೆಜಿಯೊಳಗೆ ಇದ್ದರೆ ಮೂರು ಗಂಟೆಯ ಕಾರ್ಯಕ್ರಮವನ್ನು ನಿಂತು ನುಡಿಸಬಹುದು. ತುಂಬ ಹಗುರ ಮಾಡಿದರೂ ಕಷ್ಟವೇ. ಬಾಡಿಗಿಂತ ನೆಕ್‌ನ ತುದಿಯ ಹೆಡ್ ಭಾರವಾಗಿ ನೆಕ್ ನೆಲದ ಕಡೆ ವಾಲುತ್ತದೆ, ಎಡಗೈ ಅದನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ. ಮೇಲಿನ ಕೊಂಬಿನ ಬೆಲ್ಟ್ ಗುಬುಟು ಹನ್ನೆರಡನೇ ಫ್ರೆಟ್‌ನ (ನೆಕ್ ಮೇಲಿನ ಅಡ್ಡ ಲೋಹದ ಎಳೆ) ನೇರಕ್ಕೆ ಬರುವಂತಿದ್ದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ನೆಕ್ ಸಿದ್ಧವಾಗಿ ಬಂದದ್ದು: ಮೇಪಲ್, 20 ಫ್ರೆಟ್, 34 ಇಂಚು ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ). 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗ ಇಟ್ಟ 34 ಇಂಚೇ ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ. ಮೊದಲ ಸಲ ಕಟ್ಟುವವರು ನೆಕ್ ಮಾಡುವ ಸಾಹಸಕ್ಕೆ ಇಳಿಯದಿರುವುದೇ ವಾಸಿ. ಫ್ರೆಟ್‌ನ ಗಾಡಿ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಆ ಸ್ವರ ಶಾಶ್ವತವಾಗಿ ಅಪಸ್ವರ.

ಇನ್ನು ಗುಂಡಿ. ನೆಕ್‌ನ ಬುಡದ ಅಗಲ ಎರಡೂವರೆ ಇಂಚು, ದಪ್ಪ ಒಂದು ಇಂಚು. ಬಾಡಿಯ ದಪ್ಪ ಒಂದೂಮುಕ್ಕಾಲು ಇಂಚು. ಗುಂಡಿಯ ಆಳ ಐದು ನೂಲು (ಇಂಚಿನ ಎಂಟನೇ ಒಂದು ಭಾಗ ಒಂದು ನೂಲು). ಆಚಾರ್ರಿಗೆ ಮಿಲಿಮೀಟರ್ ಲೆಕ್ಕ ಬೇಕಾಗಲೇ ಇಲ್ಲ. "ಐದು ನೂಲು ಒಳಕ್ಕೆ, ಮೂರು ನೂಲು ಈಚೆಗೆ, ಅಷ್ಟೇ ತಾನೆ ಸಾರ್?" ಅಂದರು. ಅಷ್ಟೇ. ಆ ಮೂರು ನೂಲಿನ ಮೇಲೆಯೇ ಬ್ರಿಡ್ಜ್‌ನ ಸ್ಯಾಡಲ್‌ಗಳು (ಒಂದೊಂದು ತಂತಿಯನ್ನು ಹೊರುವ ಸಣ್ಣ ತುಂಡುಗಳು) ಎಷ್ಟು ಏರಬೇಕು, ಇಳಿಯಬೇಕು ಎಂಬುದು ನಿಂತಿದೆ. ಗುಂಡಿ ಆಳ ಕಡಿಮೆಯಾದರೆ ನೆಕ್ ಮೇಲೆ ನಿಂತು, ಸ್ಯಾಡಲ್‌ಗಳನ್ನು ತಿರುಪಿನ ತುದಿಯವರೆಗೆ ಎತ್ತಬೇಕಾಗುತ್ತದೆ. ಜಾಸ್ತಿಯಾದರೆ ಸ್ಯಾಡಲ್ ಪೂರ್ತಿ ಇಳಿಸಿದರೂ ತಂತಿ ಎತ್ತರದಲ್ಲೇ ಉಳಿಯುತ್ತದೆ.

ಎಂಡಿಎಫ್ ಹಲಗೆಯಲ್ಲಿ ನೆಕ್‌ನ ಬುಡದ ಆಕಾರ ಕತ್ತರಿಸಿ, ಅದನ್ನು ಬಾಡಿಯ ಮೇಲೆ ಬಿಗಿದು, ಬೇರಿಂಗ್ ಇರುವ ಬಿಟ್‌ನಿಂದ ಮರ ತೋಡುವ ರೌಟರ್ ಯಂತ್ರ ಓಡಿಸಿದರು. ಒಂದು ಸಲಕ್ಕೆ ಒಂದು ನೂಲಿಗಿಂತ ಹೆಚ್ಚು ತೆಗೆಯಬಾರದು. ಹಲಸಿನ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ, ಆತುರ ಮಾಡಿದರೆ ಕೊಂಬಿನ ಕಡೆ ಚಕ್ಕೆ ಎದ್ದುಬಿಡುತ್ತದೆ. ಮೂಲೆಗಳನ್ನು ಕೊನೆಗೆ ಉಳಿಯಲ್ಲಿ ಸರಿಮಾಡಿದರು. ಗುಂಡಿಯ ತಳ ಕನ್ನಡಿಯಂತೆ ಮಟ್ಟವಾಗಿರಬೇಕು. ಪಕ್ಕದ ಗೋಡೆಗಳಲ್ಲಿ ಒಂದು ಕಾಗದ ತೂರುವಷ್ಟು ಸಂದು ಇದ್ದರೆ ಚಿಂತೆಯಿಲ್ಲ. ಗೆಳೆಯನಿಗೆ ಇದು ಒಪ್ಪಿಗೆಯಾಗಲಿಲ್ಲ. ತಿರುಪಿಲ್ಲದೆ ನೆಕ್ ಅಲ್ಲೇ ಕಚ್ಚಿ ನಿಲ್ಲಬೇಕು, ದೊಡ್ಡ ಕಂಪನಿಯವರು ಹಾಗೇ ಮಾಡುವುದು ಎಂದು ಅವನ ವಾದ. ನೋಡಲು ಚೆಂದ, ನಿಜ. ಆದರೆ ಹಾಗೆ ಬಿಗಿಯಾಗಿಸಿ ಮೇಲೆ ಪಾಲಿಶ್ ಬಳಿದು ಮತ್ತೆ ನೆಕ್ ಒತ್ತಿದರೆ ಮೂಲೆಯಲ್ಲಿ ಪಾಲಿಶ್ ಸೀಳು ಬಿಡುತ್ತದೆ. ಪಾಲಿಶ್‌ಗೆ ಕೊಡುವ ಮುಂಚೆ ಗುಂಡಿಯ ಒಳಗೆ ಟೇಪ್ ಅಂಟಿಸುವುದನ್ನು ಮರೆಯಬಾರದು.

ತಿರುಪು ನಾಲ್ಕು: ಎಂಟನೇ ನಂಬರು, ಒಂದೂಮುಕ್ಕಾಲು ಇಂಚು ಉದ್ದ. ಬಾಡಿಯ ತೂತು 4.5 ಮಿಲಿಮೀಟರ್, ನೆಕ್‌ನ ತೂತು 3.2. ಹೊಸಬರು ಎರಡಕ್ಕೂ ಒಂದೇ ಬಿಟ್ ಹಾಕುತ್ತಾರೆ. ಆಗ ತಿರುಪು ಬಾಡಿಯನ್ನೂ ಕಚ್ಚಿಕೊಳ್ಳುತ್ತದೆ, ನೆಕ್ ತಳಕ್ಕೆ ಎಳೆದುಕೊಳ್ಳುವುದೇ ಇಲ್ಲ. ತಿರುಪು ಬಿಗಿಯಾಗಿದೆ ಅನ್ನಿಸಿದರೂ ನಡುವೆ ಕೂದಲೆಳೆ ಸಂದು ಇರುತ್ತದೆ. ಬಾಡಿಯ ತೂತಿನಲ್ಲಿ ತಿರುಪು ಬೆರಳಲ್ಲೇ ಒಳಗೆ ಹೊರಗೆ ಓಡಾಡಬೇಕು. ಮೇಪಲ್ ಗಟ್ಟಿ ಮರ, ತಿರುಪಿಗೆ ಸ್ವಲ್ಪ ಮೇಣ ಸವರದೆ ಬಿಗಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ.

ಬ್ರಿಡ್ಜ್ ಎಲ್ಲಿಗೆ ಬರಬೇಕು ಎಂಬುದನ್ನು ನಕ್ಷೆಯಿಂದ ತೆಗೆದುಕೊಳ್ಳಬೇಡಿ, ನೆಕ್ ಕೂತ ಮೇಲೆ ಅಳೆಯಿರಿ. ನಟ್‌ನ ಮುಖದಿಂದ ಹನ್ನೆರಡನೇ ಫ್ರೆಟ್‌ನ ನಡುಮಧ್ಯಕ್ಕೆ 17 ಇಂಚು ಸರಿಯಾಗಿದೆಯೇ ನೋಡಿ. ಅದರ ಎರಡರಷ್ಟು, ಅಂದರೆ 34 ಇಂಚಿಗೆ ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಸ್ಯಾಡಲ್ ಬರಬೇಕು. ಆ ಸ್ಯಾಡಲ್ ತನ್ನ ಓಟದ ಮುಂದಿನ ತುದಿಗೆ ಹತ್ತಿರ, ಮುಂದಕ್ಕೆ ಇನ್ನೊಂದು ನೂಲು ಸರಿಯುವಂತೆ ಇರಲಿ. ತಂತಿ ದಪ್ಪವಾದಷ್ಟೂ ಸ್ಯಾಡಲ್ ಹಿಂದಕ್ಕೆ ಸರಿಯಬೇಕಾಗುತ್ತದೆ. ಅತಿ ದಪ್ಪನೆಯ ಇ ತಂತಿಯದು ಎಲ್ಲಕ್ಕಿಂತ ಹಿಂದೆ ನಿಲ್ಲುತ್ತದೆ. ಸ್ಯಾಡಲ್ ಮಧ್ಯದಲ್ಲಿಟ್ಟು ಬ್ರಿಡ್ಜ್ ಕೂರಿಸಿದವರು ಆಮೇಲೆ ಇ ತಂತಿಗೆ ಜಾಗ ಸಾಲದೆ ಸ್ಪ್ರಿಂಗ್ ಕಿತ್ತು ಎಸೆಯುವುದನ್ನು ನೋಡಿದ್ದೇನೆ.

ಎಡ ಬಲಕ್ಕೆ ದಾರವೇ ಸಾಕ್ಷಿ. ನಟ್‌ನ ಇ ಮತ್ತು ಜಿ ಗಾಡಿಗಳಿಂದ ಬ್ರಿಡ್ಜ್‌ವರೆಗೆ ಎರಡು ಬಿಗಿ ದಾರ ಎಳೆದು, ಕೊನೆಯ ಫ್ರೆಟ್‌ನ ಹತ್ತಿರ ಎರಡೂ ಅಂಚಿನಿಂದ ದಾರಕ್ಕಿರುವ ದೂರ ಸಮ ಬರುವವರೆಗೆ ಬ್ರಿಡ್ಜ್ ಸರಿಸಿದೆವು. ಆಚಾರ್ರು ಒಂದು ಕಣ್ಣು ಮುಚ್ಚಿ, "ಜಿ ಕಡೀಕೆ ಒಂದ್ ಕೂದ್ಲು ಎಳೀರಿ" ಅಂದರು. ಸ್ಕೇಲ್ ಇಟ್ಟು ನೋಡಿದರೆ ಅರ್ಧ ಮಿಲಿಮೀಟರ್ ವ್ಯತ್ಯಾಸ ಇದ್ದೇ ಇತ್ತು. ಗುರುತು ಹಾಕಿ ತೂತು ಕೊರೆಯುವ ಮುಂಚೆ ಬ್ರಿಡ್ಜ್‌ನ ಅಡಿಯಿಂದ ವೈರಿಂಗ್ ಕೂರುವ ಕಂಟ್ರೋಲ್ ಗುಂಡಿಗೆ ಓರೆಯಾಗಿ ಉದ್ದನೆಯ ಬಿಟ್‌ನಲ್ಲಿ ಒಂದು ತೂತು ಬೇಕು, ಅರ್ಥ್ ವೈರ್‌ಗೆ. ವೈರ್‌ನ ತುದಿ ಬಿಚ್ಚಿ, ಎಳೆಗಳನ್ನು ಅಗಲಿಸಿ ಬ್ರಿಡ್ಜ್‌ನ ಕೆಳಗೆ ಹಾಸಿ ತಿರುಪು ಬಿಗಿದರೆ ಸಾಕು, ಅಲ್ಲಿ ಸೋಲ್ಡರ್ ಬೇಡ.

ವೈರಿಂಗ್‌ಗೆ ಬೇಕಾದ್ದು ಕಡಿಮೆ. 1957ರಿಂದ ಪ್ರಿಸಿಷನ್ ಬೇಸ್‌ನಲ್ಲಿ ಬರುತ್ತಿರುವ ಎರಡು ತುಂಡಿನ ಪಿಕಪ್ ಒಂದು, ಸದ್ದು, ಟೋನ್ ಏರಿಳಿಸುವ 250ಕೆ ಪಾಟ್ ಎರಡು, 0.047 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೋನೋ ಜ್ಯಾಕ್. ಕೆಪಾಸಿಟರ್ ಮೇಲೆ 473 ಎಂದು ಬರೆದಿರುತ್ತದೆ. ಇಲ್ಲಿನ ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪಾಟ್ ಮಾತ್ರ ಹುಡುಕಿಸುತ್ತದೆ. ಅಂಗಡಿಯವರು "ಇದೂ ನಡೀತದೆ" ಎಂದು 100ಕೆ ಕೊಡುತ್ತಾರೆ. ನಡೆಯುತ್ತದೆ, ಆದರೆ ಮೇಲಿನ ಹೊಳಪೆಲ್ಲ ಹೋಗಿ ಕಂಬಳಿ ಹೊದ್ದ ಸದ್ದು ಬರುತ್ತದೆ. ಬಿ ಗುರುತಿನ ಲೀನಿಯರ್ ಪಾಟ್ ಅನ್ನು ವಾಲ್ಯೂಮ್‌ಗೆ ಹಾಕಿದರೆ ತಿರುಗಿಸುತ್ತಾ ಹೋದಂತೆ ಏನೂ ಆಗದೆ ಕೊನೆಯಲ್ಲಿ ಧಡಕ್ಕನೆ ಸದ್ದು ಬಿದ್ದುಹೋಗುತ್ತದೆ. ಎ ಗುರುತಿನ 250ಕೆ ಬೇಕೆಂದೇ ಕೇಳಿ. ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಯಾರಿಗಾದರೂ ಚೀಟಿ ಕೊಟ್ಟು ಕಳಿಸಿ.

ಪಾಟ್‌ನ ಬೆನ್ನಿಗೆ ಅರ್ಥ್ ಸೋಲ್ಡರ್ ಮಾಡುವಾಗ 25 ವಾಟ್‌ನ ಐರನ್ ಸೋಲುತ್ತದೆ. ಲೋಹ ಶಾಖವನ್ನು ಎಳೆದುಕೊಂಡುಬಿಡುತ್ತದೆ, ಸೋಲ್ಡರ್ ಗುಂಡುಗಟ್ಟಿ ಕೂರುತ್ತದೆ, ಕೆಲವು ದಿನದಲ್ಲಿ ಕಳಚುತ್ತದೆ. ಬೆನ್ನನ್ನು ಉಪ್ಪುಕಾಗದದಲ್ಲಿ ಉಜ್ಜಿ, 60 ವಾಟ್‌ನಲ್ಲಿ ಬೇಗ ಮುಗಿಸಬೇಕು. ಪಿಕಪ್‌ನ ಎರಡು ತುಂಡುಗಳು ಸೀರೀಸ್‌ನಲ್ಲಿರುತ್ತವೆ. ಮಲ್ಟಿಮೀಟರ್‌ನಲ್ಲಿ ಸುಮಾರು 10 ಕಿಲೋಓಮ್ ತೋರಿಸಬೇಕು. ಅರ್ಧ ತೋರಿಸಿದರೆ ಒಂದು ತುಂಡು ಶಾರ್ಟ್ ಆಗಿದೆ. ಇಲ್ಲೊಂದು ಮೋಸವಿದೆ. ಒಂದು ತುಂಡಿನ ವೈರ್ ಅದಲುಬದಲಾದರೂ ನಾಲ್ಕೂ ತಂತಿ ಸರಿಯಾಗೇ ಕೇಳಿಸುತ್ತವೆ, ಏಕೆಂದರೆ ಒಂದೊಂದು ತುಂಡು ಎರಡೆರಡು ತಂತಿಯನ್ನು ಮಾತ್ರ ನೋಡುತ್ತದೆ. ಕೆಡುವುದು ಗುಂಯ್‌ಗುಟ್ಟುವಿಕೆ ಮಾತ್ರ: ಎರಡು ತುಂಡುಗಳು ಒಂದರ ಹಮ್ ಅನ್ನು ಇನ್ನೊಂದು ಕೊಲ್ಲುವ ಬದಲು ಕೂಡಿಸುತ್ತವೆ. ಇದಕ್ಕೆ ಎಷ್ಟು ಶೀಲ್ಡಿಂಗ್ (ಹಮ್ ತಡೆಯುವ ಲೋಹದ ಹೊದಿಕೆ) ಹಾಕಿದರೂ ಪ್ರಯೋಜನವಿಲ್ಲ. ಕಂಟ್ರೋಲ್ ಗುಂಡಿಗೆ ತಾಮ್ರದ ಹಾಳೆ ಅಂಟಿಸಿದವರು ಜ್ಯಾಕ್‌ನ ತುದಿ ಹಾಳೆಗೆ ತಾಗದಂತೆ ನೋಡಿಕೊಳ್ಳಬೇಕು. ಪ್ಲಗ್ ಒಳಗೆ ಹೋದಾಗ ಆ ತುದಿ ಸರಿದು ಹಾಳೆಗೆ ತಾಗಿದರೆ ಸದ್ದೇ ಇರುವುದಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ತಂತಿ ಏರಿಸಿದೆವು. 45, 65, 85, 105ರ ಸೆಟ್ (ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ). ಟ್ಯೂನರ್ ಕಂಬದ ಆಚೆಗೆ ನಾಲ್ಕೈದು ಇಂಚು ಬಿಟ್ಟು ಮೊದಲು ತಂತಿಯನ್ನು ಬಗ್ಗಿಸಿ, ಆಮೇಲೆ ಕತ್ತರಿಸಬೇಕು. ನೇರ ಇರುವಾಗಲೇ ಕತ್ತರಿಸಿದರೆ ಹೊರಸುತ್ತು ಒಳತಂತಿಯ ಮೇಲೆ ಸಡಿಲಾಗಿ, ಹೊಸ ತಂತಿಯೂ ಸತ್ತಂತೆ ಕೇಳಿಸುತ್ತದೆ.

ನಾಲ್ಕೂ ಸೇರಿ ನೆಕ್ ಮೇಲೆ 70ರಿಂದ 80 ಕೆಜಿ ಎಳೆತ ಬೀಳುತ್ತದೆ. ಇದಕ್ಕೆ ಎದುರು ನಿಲ್ಲುವುದು ನೆಕ್‌ನ ಒಳಗಿನ ಲೋಹದ ಸರಳು, ಟ್ರಸ್ ರಾಡ್. ನೆಕ್ ಎಷ್ಟು ಬಾಗಿದೆ ಎಂದು ಅಳೆಯಲು ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್ ಸಾಕು. ಶ್ರುತಿ ಮಾಡಿ, ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳನೇ ಫ್ರೆಟ್‌ನ ಮೇಲಿನ ಸಂದಿಗೆ ಗೇಜ್ ತೂರಿಸಬೇಕು. 0.30 ಅಥವಾ 0.35 ಮಿಲಿಮೀಟರಿನ ಎಲೆ ತಂತಿಯನ್ನು ಅಲುಗಿಸದೆ ಹೋಗಬೇಕು. ಸಂದು ಜಾಸ್ತಿ ಇದ್ದರೆ ರಾಡನ್ನು ಪ್ರದಕ್ಷಿಣೆಯಾಗಿ ಕಾಲು ಸುತ್ತು ಬಿಗಿ, ಮತ್ತೆ ಶ್ರುತಿ, ಮತ್ತೆ ಅಳತೆ. ಆಲನ್ ಕೀ ಚೂರೇ ಚೂರು ಸಡಿಲ ಅನ್ನಿಸಿದರೂ ತಿರುಗಿಸಬೇಡಿ. ರಾಡ್‌ನ ಇಂಚಿನ ಅಳತೆಯ ನಟ್‌ಗೆ ಮಿಲಿಮೀಟರ್ ಕೀ ತುರುಕಿ ಷಡ್ಭುಜವನ್ನು ವೃತ್ತ ಮಾಡಿದ ನೆಕ್‌ಗಳು ಎಷ್ಟೋ.

ನಟ್‌ನ ಗಾಡಿ ತೋಡಲು ವಿಶೇಷ ಅರಗಳಿವೆ, ದುಬಾರಿ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ನಾಝಲ್ ಕ್ಲೀನರ್ ತೆಳು ತಂತಿಗಳಿಗೆ ಸಾಲುತ್ತದೆ. ದಪ್ಪದವಕ್ಕೆ ಹಳೆಯ ತಂತಿಯ ತುಂಡಿಗೆ ಉಪ್ಪುಕಾಗದ ಸುತ್ತಿದರೆ ಆಯಿತು. ಮೂರನೇ ಫ್ರೆಟ್‌ನಲ್ಲಿ ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ಎರಡು ಕಾಗದದಷ್ಟು ಸಂದು ಉಳಿಯುವಲ್ಲಿಗೆ ನಿಲ್ಲಿಸಿ. ಒಂದೆಳೆ ಹೆಚ್ಚು ತೋಡಿದರೆ ಖಾಲಿ ತಂತಿ ಝರ್ ಅನ್ನುತ್ತದೆ, ನಟ್ ಬದಲಿಸದೆ ದಾರಿಯಿಲ್ಲ.

ಹದಿನೇಳನೇ ಫ್ರೆಟ್‌ನ ಮೇಲೆ ತಂತಿಯ ಎತ್ತರ ಇ ಕಡೆ 2.4, ಜಿ ಕಡೆ 2 ಮಿಲಿಮೀಟರ್ ಬರುವಂತೆ ಸ್ಯಾಡಲ್ ಹೊಂದಿಸಿ. ಸ್ಯಾಡಲ್ ಪೂರ್ತಿ ಇಳಿದರೂ ತಂತಿ ಎತ್ತರದಲ್ಲಿದ್ದರೆ ಗುಂಡಿಯಲ್ಲಿ ಬ್ರಿಡ್ಜ್ ಕಡೆಯ ತುದಿಗೆ ವಿಸಿಟಿಂಗ್ ಕಾರ್ಡಿನ ಒಂದು ಪಟ್ಟಿ ಇಟ್ಟು ಬಿಗಿಯಿರಿ. ಕಾಲು ಮಿಲಿಮೀಟರಿನ ಆ ಪಟ್ಟಿ ಸ್ಯಾಡಲ್ ಹತ್ತಿರ ಒಂದು ಮಿಲಿಮೀಟರಿನಷ್ಟು ಜಾಗ ಬಿಡಿಸಿಕೊಡುತ್ತದೆ. ಇಂಟೋನೇಶನ್, ಅಂದರೆ ಒತ್ತಿದ ಸ್ವರಗಳನ್ನೂ ಶ್ರುತಿಗೆ ಕೂರಿಸುವುದು ಸುಲಭ: ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲೇ ಹಗುರವಾಗಿ ಮುಟ್ಟಿ ಮೀಟಿದ ಹಾರ್ಮೋನಿಕ್‌ಗಿಂತ ಏರಿದರೆ ಸ್ಯಾಡಲ್ ಹಿಂದಕ್ಕೆ, ಇಳಿದರೆ ಮುಂದಕ್ಕೆ. ಎಷ್ಟು ಸರಿಸಿದರೂ ಇ ತಂತಿಯ ಸ್ವರ ಅಲೆಯುತ್ತಿದ್ದರೆ ಪಿಕಪ್ ತಂತಿಗೆ ತೀರಾ ಹತ್ತಿರವಿದೆ, ಅಯಸ್ಕಾಂತ ಎಳೆಯುತ್ತಿದೆ. ಕೊನೆಯ ಫ್ರೆಟ್ ಒತ್ತಿದಾಗ ಇ ಕಡೆ ತಂತಿಗೂ ಪಿಕಪ್‌ಗೂ ನಡುವೆ 3 ಮಿಲಿಮೀಟರ್ ಸಂದು ಬರುವವರೆಗೆ ಪಿಕಪ್ ಇಳಿಸಿ ನೋಡಿ.

ಸಂಜೆ ಆಂಪ್‌ಗೆ ಹಾಕಿದಾಗ ಜಿ ತಂತಿಯ ಆರನೇ ಫ್ರೆಟ್‌ನ ಸ್ವರ ಉಳಿದವಕ್ಕಿಂತ ಬೇಗ ಸಾಯುತ್ತಿತ್ತು. "ಹಲಸು ಬೇಡ ಅಂದೆ ತಾನೆ ನಾನು?" ಅಂದ ಗೆಳೆಯ. ಆಚಾರ್ರ ಮುಖ ಸಣ್ಣದಾಯಿತು. ಐದರಿಂದ ಏಳನೇ ಫ್ರೆಟ್‌ನ ನಡುವೆ ಜಿ ತಂತಿಯಲ್ಲಿ ಹೀಗಾಗುವುದು ಈ ಮಾದರಿಯ ಬೇಸ್‌ಗಳಲ್ಲಿ ತೀರ ಸಾಮಾನ್ಯ, ಬಾಡಿ ಯಾವ ಮರದ್ದೇ ಆಗಿರಲಿ. ನೆಕ್‌ನ ಸ್ವಂತ ಕಂಪನ ಆ ಸ್ವರದ ಶಕ್ತಿಯನ್ನು ನುಂಗುತ್ತದೆ. ಪರೀಕ್ಷೆಗೆ ಆಚಾರ್ರದೇ ಸಣ್ಣ ಸಿ-ಕ್ಲ್ಯಾಂಪ್ ಅನ್ನು ಬಟ್ಟೆ ಸುತ್ತಿ ಹೆಡ್‌ಗೆ ಕಚ್ಚಿಸಿದೆವು. ಆರನೇ ಫ್ರೆಟ್ ಜೀವ ತುಂಬಿಕೊಂಡಿತು, ಸತ್ತ ಜಾಗ ಎರಡು ಫ್ರೆಟ್ ಕೆಳಕ್ಕೆ ಸರಿಯಿತು. ಹೆಡ್‌ನ ತೂಕ ಬದಲಾದರೆ ಜಾಗ ಬದಲಾಗುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಹಗುರ ಟ್ಯೂನರ್ ಹಾಕಿಯೂ ಇದನ್ನೇ ಮಾಡುತ್ತಾರೆ. ಆಚಾರ್ರು ಮಾತ್ರ ಗೆಳೆಯನಿಂದ ಕಾಫಿ ವಸೂಲು ಮಾಡಿಯೇ ಬಿಟ್ಟರು.

ವೇದಿಕೆಗೆ ಹೋಗುವವರಿಗೆ ಇನ್ನೊಂದು. ಬ್ರಿಡ್ಜ್ ಅರ್ಥ್ ಆಗಿರುವುದರಿಂದ ನಿಮ್ಮ ಬೆರಳು ಆಂಪ್‌ನ ಚಾಸಿಗೆ, ಅಂದರೆ ಅದರ ಲೋಹದ ಮೈಗೆ, ನೇರ ಜೋಡಣೆ. ಹಬ್ಬದ ಪೆಂಡಾಲುಗಳಲ್ಲಿ ಅರ್ಥಿಂಗ್ ಇಲ್ಲದ ಬೋರ್ಡ್‌ನಿಂದ ಆಂಪ್‌ಗೆ, ಇನ್ನೊಂದು ಕಡೆಯಿಂದ ಮಿಕ್ಸರ್‌ಗೆ ಕರೆಂಟ್ ಎಳೆದಿರುತ್ತಾರೆ. ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದರೆ ಏಟು ನಿಮಗೆ. ಹಾಡುವ ಬೇಸಿಸ್ಟ್‌ಗಳು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಮುಳ್ಳು ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ ತಾಗಿಸಿ ನೋಡಿ. ಕೆಲವು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಆಂಪ್, ಮಿಕ್ಸರ್ ಎರಡನ್ನೂ ಅರ್ಥ್ ಇರುವ ಒಂದೇ ಬೋರ್ಡ್‌ಗೆ ತರುವವರೆಗೆ ನುಡಿಸಬೇಡಿ. ಹಮ್ ಹೋಗುತ್ತದೆಂದು ಪ್ಲಗ್‌ನ ಮೂರನೇ ಪಿನ್ ಮುರಿಯುವ ಸೌಂಡ್‌ನವರು ಈಗಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಗೆಳೆಯನ ಬ್ಯಾಗಿನಲ್ಲಿ ಈಗ ಮಲ್ಟಿಮೀಟರ್, ಆಲನ್ ಕೀ, ಫೀಲರ್ ಗೇಜ್, ಒಂದು ಹೆಚ್ಚುವರಿ ಜಿ ತಂತಿ ಇರುತ್ತವೆ. ಸಿ-ಕ್ಲ್ಯಾಂಪ್ ಕೇಳಿದ, ಆಚಾರ್ರು ಕೊಡಲಿಲ್ಲ.